ಜಯರಾಜ ಆರಾಧನೆ ತಪ್ಪಿಸಿದ ಭಾನುವಾರ

ಕೊರೋನಾ ಮುಗಿದು ಶಾಲೆ ಕಾಲೇಜುಗಳು ಮತ್ತೆ ನೆಟ್ಟಗೆ ನಡೆಯತೊಡಗಿದ್ದ ವರ್ಷ ಅದು. ನಾನು ನವಿ ಮುಂಬಯಿಯ ಕಳಂಬೋಲಿಯಲ್ಲಿ ನಮ್ಮ ಕನ್ನಡ ಸಭೆಯ ಬೈಬಲ್ ಸ್ತ್ರೀಯಾಗಿದ್ದೆ. ಹಾಗೆಂದರೆ ಏನು ಎಂದು ಈಗಿನವರಿಗೆ ಗೊತ್ತಿರುವುದಿಲ್ಲ, ಅದಕ್ಕೆ ಹೇಳುತ್ತೇನೆ. ಪಾದ್ರಿಗಳನ್ನು ನಮ್ಮ ಕಡೆ ಅಯ್ಯನವರು ಅನ್ನುತ್ತೇವೆ. ಅವರು ಭಾನುವಾರ ಪ್ರಸಂಗ ಮಾಡುತ್ತಾರೆ. ಉಳಿದ ದಿನಗಳಲ್ಲಿ ಮನೆಮನೆ ತಿರುಗುವವಳು ಬೈಬಲ್ ಸ್ತ್ರೀ. ಬಾಣಂತಿ ಇದ್ದರೆ ನೀರು ಕಾಯಿಸುವುದು, ಯಾರಾದರೂ ತೀರಿಕೊಂಡರೆ ಹೆಣ ತೊಳೆಯುವುದು, ಗಂಡ ಹೆಂಡತಿ ಜಗಳವಾಡಿದ್ದರೆ ನಡುವೆ ಕೂರುವುದು, ಕಡೆಗೆ ಒಂದು ಪ್ರಾರ್ಥನೆ ಮಾಡಿ ಎದ್ದು ಬರುವುದು. ಅದಕ್ಕೆ ಸಭೆ ಸಂಬಳ ಕೊಡುತ್ತದೆ. ನಾನು ಎರಡನೆಯ ಇಯತ್ತೆಯ ತನಕ ಶಾಲೆಗೆ ಹೋದವಳು. ಓದಲು ಕಲಿತದ್ದು ಮದುವೆಯಾದ ಮೇಲೆ, ದಪ್ಪ ಅಕ್ಷರದ ಮೇಲೆ ಬೆರಳಿಟ್ಟುಕೊಂಡು. ಈ ಕೆಲಸಕ್ಕೆ ಅಷ್ಟು ಸಾಕು. ಕಾಲು ಗಟ್ಟಿ ಇರಬೇಕು, ಅಷ್ಟೇ.

ನಮ್ಮ ಸಭೆಯವರಲ್ಲಿ ಹೆಚ್ಚಿನವರು ಕಲಬುರಗಿ, ರಾಯಚೂರು ಕಡೆಯಿಂದ ಬಂದವರು. ಗಂಡಸರು ಕಳಂಬೋಲಿಯ ಕಬ್ಬಿಣದ ಮಾರುಕಟ್ಟೆಯಲ್ಲಿ ಲಾರಿಗೆ ಸರಳು, ತಗಡು ಏರಿಸಿ ಇಳಿಸುತ್ತಾರೆ. ಹೆಂಗಸರು ನಾಲ್ಕು ಮನೆಯ ಪಾತ್ರೆ ಬಟ್ಟೆ ಮಾಡುತ್ತಾರೆ, ಇಲ್ಲವೇ ಆಫೀಸುಗಳಲ್ಲಿ ಹೌಸ್‌ಕೀಪಿಂಗ್. ಮಕ್ಕಳು ಇಲ್ಲೇ ಹುಟ್ಟಿದವರು. ಅವರಿಗೆ ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ. ಅವರ ಮಾತನ್ನು ನಾನು ಇಲ್ಲಿ ಹೆಚ್ಚಾಗಿ ಕನ್ನಡ ಮಾಡಿಯೇ ಬರೆಯುತ್ತೇನೆ.

ಜಯರಾಜ ಆ ಮಾರುಕಟ್ಟೆಯಲ್ಲಿ ಒಂದು ಲೋಡಿಂಗ್ ಟೋಳಿಯ ಮುಕಾದಮ, ಅಂದರೆ ಹಮಾಲರ ಗುಂಪಿನ ಮೇಸ್ತ್ರಿ. ಸಭೆಯಲ್ಲಿ ಕಮಿಟಿ ಮೆಂಬರ್. ಒಂದು ಕಾಲದಲ್ಲಿ ವಿಪರೀತ ಕುಡಿಯುತ್ತಿದ್ದ. ನಂಬಿಕೆಗೆ ಬಂದ ಮೇಲೆ ಬಿಟ್ಟ. ಬಿಟ್ಟಂದಿನಿಂದ ಒಂದು ಭಾನುವಾರದ ಆರಾಧನೆಯನ್ನೂ ತಪ್ಪಿಸಿರಲಿಲ್ಲ. ಜ್ವರ ಬಂದರೂ ಶಾಲು ಹೊದ್ದುಕೊಂಡು ಬಂದು ಹಿಂದಿನ ಬೆಂಚಿನಲ್ಲಿ ನಡುಗುತ್ತಾ ಕೂರುತ್ತಿದ್ದ. ಒಂದು ವಾರ ತಪ್ಪಿಸಿದರೆ ಮತ್ತೆ ಬಾಟಲಿಯ ಹತ್ತಿರ ಹೋಗುತ್ತೇನೆ ಎಂಬ ಹೆದರಿಕೆ ಅವನಿಗೆ. ಹೆಂಡತಿ ಸುಗುಣಾ ಒಂದು ಕಂಪನಿಯ ಕ್ಯಾಂಟೀನಿನಲ್ಲಿ ಕೆಲಸ ಮಾಡುತ್ತಿದ್ದಳು. ಒಬ್ಬಳೇ ಮಗಳು ರೂತ್, ಹನ್ನೊಂದನೆಯ ಕ್ಲಾಸು, ಪನವೇಲಿನ ಜೂನಿಯರ್ ಕಾಲೇಜು. ಸಭೆಯ ಸಣ್ಣ ಮಕ್ಕಳಿಗೆ ಸಂಡೇ ಸ್ಕೂಲು ನಡೆಸುತ್ತಿದ್ದವಳೂ ಅವಳೇ.

ಕೊರೋನಾದಲ್ಲಿ ಜಯರಾಜನ ತಾಯಿ ತೀರಿಕೊಂಡಿದ್ದಳು. ರೂತಳನ್ನು ಎತ್ತಿ ಬೆಳೆಸಿದ್ದು ಆ ಮುದುಕಿಯೇ, ಮನೆಯವರೆಲ್ಲ ಅವಳನ್ನು ಆಯಿ ಎನ್ನುತ್ತಿದ್ದರು. ಅವಳು ಆಸ್ಪತ್ರೆಯಲ್ಲಿದ್ದಾಗ ಇಡೀ ಸಭೆ ಫೋನಿನಲ್ಲೇ ಕೂಡಿ ಪ್ರಾರ್ಥನೆ ಮಾಡಿತ್ತು. ಆದರೂ ಉಳಿಯಲಿಲ್ಲ.

ಒಂದು ಸಂಜೆ ಸುಗುಣಾ ಹಿಟ್ಟು ನಾದುತ್ತಿದ್ದಾಗ ಮಗಳು ಬಂದು ಪಕ್ಕದಲ್ಲಿ ಕೂತಳು. "ಮಮ್ಮಿ, ಪ್ರೇಯರ್ ಮಾಡುವಾಗ ನಾನು ಕಣ್ಣು ಮುಚ್ಚೋದಿಲ್ಲ. ಎಲ್ಲರ ಮುಖ ನೋಡ್ತಾ ಇರ್ತೀನಿ. ಆಯಿಗಾಗಿ ಅಷ್ಟು ಜನ ಕೇಳಿಕೊಂಡ್ವಿ. ಆವತ್ತಿನಿಂದ ಯಾರೂ ಕೇಳಿಸಿಕೊಳ್ತಾ ಇಲ್ಲ ಅನಿಸುತ್ತೆ. ಪಪ್ಪಾಗೆ ಹೇಳಬೇಡ" ಎಂದಳು. ಮಗಳು ದೇವರನ್ನೇ ಬಿಟ್ಟಳು ಎಂದು ಸುಗುಣಾ ಅಂದುಕೊಂಡಳು. ಹೆದರಿದ ಹೆಂಗಸಿನ ಹೊಟ್ಟೆಯಲ್ಲಿ ಮಾತು ನಿಲ್ಲಲಿಲ್ಲ. ಗಂಡನಿಗೆ ಹೇಳಿಬಿಟ್ಟಳು.

ನಮ್ಮಲ್ಲಿ ಬುಧವಾರ ಸಂಜೆ ಕಾಟೇಜ್ ಪ್ರೇಯರ್ ಇರುತ್ತದೆ. ವಾರಕ್ಕೊಬ್ಬರ ಮನೆಯಲ್ಲಿ ಕೂಡುವುದು, ಹಾಡುವುದು, ಓದುವುದು, ಆಮೇಲೆ ಪ್ರೇಯರ್ ಪಾಯಿಂಟ್ ಹೇಳುವುದು. ಅಂದರೆ ಯಾರಿಗೆ ಏನು ಕಷ್ಟವಿದೆಯೋ ಅದನ್ನು ಎದ್ದು ನಿಂತು ಹೇಳಿದರೆ ಎಲ್ಲರೂ ಅದಕ್ಕಾಗಿ ಪ್ರಾರ್ಥಿಸುತ್ತಾರೆ. ಒಬ್ಬರಿಗೆ ಮೊಣಕಾಲು ನೋವು, ಇನ್ನೊಬ್ಬರಿಗೆ ರೂಮಿನ ಮಾಲೀಕನ ಕಾಟ. ಇದು ಒಳ್ಳೆಯ ಪದ್ಧತಿಯೇ. ಆದರೆ ನಮ್ಮ ಜನರದ್ದು ಒಂದು ಚಾಳಿ ಇದೆ. ಪಕ್ಕದ ಮನೆಯ ಸುದ್ದಿಯನ್ನು ನಲ್ಲಿಯ ಹತ್ತಿರ ಹೇಳಿದರೆ ಅದು ಚಾಡಿ. ಅದನ್ನೇ ಕಾಟೇಜ್ ಪ್ರೇಯರಿನಲ್ಲಿ ಕಣ್ಣೀರು ಹಾಕಿ ಹೇಳಿದರೆ ಭಕ್ತಿ.

ಆ ಬುಧವಾರ ಕೂಟವಿದ್ದದ್ದು ಜಯರಾಜನ ಮನೆಯಲ್ಲಿ. ನಡೆಸುತ್ತಿದ್ದವಳು ನಾನು. ಪ್ರೇಯರ್ ಪಾಯಿಂಟ್ ಕೇಳಿದಾಗ ಜಯರಾಜ ಎದ್ದು ನಿಂತ. "ನನ್ನ ಮಗಳ ಸಲುವಾಗಿ ಪ್ರಾರ್ಥನಾ ಮಾಡ್ರಿ. ಆಕಿ ಮನಸ್ಸಿನ್ಯಾಗ ಅವಿಶ್ವಾಸದ ಆತ್ಮ ಸೇರ್ಯದ. ಯಾರೂ ಕೇಳಂಗಿಲ್ಲ ಅಂತಾಳ. ಪ್ರಾರ್ಥನಾದಾಗ ಕಣ್ಣ ಸೈತ ಮುಚ್ಚಂಗಿಲ್ಲ ಅಂತ" ಎಂದ.

ರೂತ್ ಆಗ ಚಹಾದ ಟ್ರೇ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ಜಯರಾಜ, ಸಾಕು. ಕೂಡು" ಎಂದೆ.

"ಮುಚ್ಚಿಟ್ರ ಹೆಂಗ ಮಾರ್ಥವ್ವ? ದೇವರ ಮುಂದ ಎಲ್ಲಾ ತೆರೆದಿಡಬೇಕಲ್ಲ."

"ದೇವರ ಮುಂದ ಇಡು. ಇಲ್ಲಿ ಕುಂತವರು ದೇವರಲ್ಲ."

ಅಷ್ಟರಲ್ಲಿ ಹಿರಿಯ ಹೆಂಗಸೊಬ್ಬಳು ಎದ್ದು ಹೋಗಿ ಹುಡುಗಿಯ ತಲೆಯ ಮೇಲೆ ಕೈಯಿಟ್ಟು ಗಟ್ಟಿಯಾಗಿ ಪ್ರಾರ್ಥನೆ ಶುರು ಮಾಡಿಬಿಟ್ಟಳು. ರೂತ್ ಟ್ರೇಯನ್ನು ನೆಲಕ್ಕಿಟ್ಟಳು. ಒಂದು ತೊಟ್ಟು ಚೆಲ್ಲಲಿಲ್ಲ. ತಂದೆಯನ್ನು ನೋಡಲಿಲ್ಲ, ತಾಯಿಯನ್ನು ನೋಡಿದಳು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದು ಹೋದಳು. ಸ್ವಲ್ಪ ಹೊತ್ತಿನ ಮೇಲೆ ಮರಳಿ ಬಂದಳಂತೆ. ಆದರೆ ಮಾತಿಲ್ಲ. ಊಟ ಮಾಡುತ್ತಾಳೆ, ಕಾಲೇಜಿಗೆ ಹೋಗುತ್ತಾಳೆ, ಕೇಳಿದ್ದಕ್ಕೆ ತಲೆಯಾಡಿಸುತ್ತಾಳೆ, ಅಷ್ಟೇ.

ಇಷ್ಟಕ್ಕೇ ನಿಂತಿದ್ದರೆ ಸರಿಹೋಗುತ್ತಿತ್ತೋ ಏನೋ. ನಮ್ಮ ಮಂದಿ ಬಿಡಬೇಕಲ್ಲ. ಭಾಜಿ ಗಾಡಿಯ ಹತ್ತಿರ ಒಬ್ಬಳು ಕೊತ್ತಂಬರಿ ಆರಿಸುತ್ತಲೇ ರೂತಳನ್ನು, "ಏನವ್ವ, ಆ ಆತ್ಮದಿಂದ ಬಿಡುಗಡಿ ಆತೇನು?" ಎಂದು ಕೇಳಿದಳು, ಗಾಡಿಯವನ ಮುಂದೆಯೇ. ಸಂಡೇ ಸ್ಕೂಲಿಗೆ ಇಬ್ಬರು ತಾಯಂದಿರು ಮಕ್ಕಳನ್ನು ಕಳಿಸುವುದನ್ನೇ ನಿಲ್ಲಿಸಿದರು. ಆ ವಾರ ಒಂದು ದಿನ ರೂತ್ ಕಾಲೇಜಿನಿಂದ ಮನೆಗೆ ಬರಲಿಲ್ಲ. ಕಲ್ಯಾಣದ ಅತ್ತೆಯ ಮನೆಗೆ ಹೋದಳು. ಅತ್ತೆ ನೀಲಮ್ಮ ಜಯರಾಜನ ಅಕ್ಕ. "ಹುಡುಗಿ ನನ್ನ ಹತ್ರ ಅದ, ಗಾಬರಿ ಆಗಬ್ಯಾಡ್ರಿ. ಇಲ್ಲೇ ಇರ್ತೀನಿ, ಕಲ್ಯಾಣದಾಗೇ ಕಾಲೇಜ ಬದಲಿ ಮಾಡ್ಕೋತೀನಿ ಅಂತಾಳ" ಎಂದು ಫೋನ್ ಮಾಡಿದಳು.

ಸುದ್ದಿ ಕೇಳಿ ನಾನು ಅವರ ಮನೆಗೆ ಹೋಗುವಾಗ ಜಯರಾಜ ಅಂಗಿ ಹಾಕಿಕೊಂಡು ಹೊರಟು ನಿಂತಿದ್ದ. ಮುಖ ಕೆಂಪಾಗಿತ್ತು.

"ಜುಟ್ಟ ಹಿಡ್ದು ಎಳಕೊಂಡು ಬರ್ತೀನಿ. ನಾ ಆಕಿ ತಂದಿ."

"ಎಳಕೊಂಡು ಬರಾಕ ಆಕಿ ಏನ್ ನಿನ್ನ ಲಾರಿ ಸರಳೇನು? ಮೈ ಅಷ್ಟ ಬರ್ತದ. ಮೈ ತಂದು ಏನ್ ಮಾಡ್ತಿ?" ಎಂದೆ.

ಸುಗುಣಾ ಮೂಲೆಯಲ್ಲಿ ಕೂತು, "ಮಾರ್ಥವ್ವ, ಆಕಿ ಇನ್ನ ಮುಂದ ನನ್ನ ಕೂಡ ಮಾತಾಡಂಗಿಲ್ಲೇನು?" ಎಂದಳು. ಆ ಮನೆಯಲ್ಲಿ ಸರಿಯಾದ ಪ್ರಶ್ನೆ ಕೇಳಿದವಳು ಅವಳೊಬ್ಬಳೇ. ಹುಡುಗಿಗೆ ಹದಿನಾರು ವರ್ಷ. ಮುಂದೆ ಅವಳಿಗೆ ಎಂತೆಂಥ ಕಷ್ಟ ಬರುತ್ತದೋ. ಆಗ ಅವಳು ಮನೆಗೆ ಹೇಳುತ್ತಾಳೋ, ಹೊರಗಿನವರಿಗೆ ಹೇಳುತ್ತಾಳೋ, ಯಾರಿಗೂ ಹೇಳುವುದಿಲ್ಲವೋ? ನನಗೂ ಚಿಂತೆಯಾದದ್ದು ಅದೇ.

ಮರುದಿನ ನಾನೊಬ್ಬಳೇ ಹೊರಟೆ. ಲೋಕಲ್ ರೈಲಿನಲ್ಲಿ ಮಾನಸರೋವರ ಸ್ಟೇಶನ್ನಿನಿಂದ ಠಾಣೆಗೆ, ಠಾಣೆಯಿಂದ ಕಲ್ಯಾಣಕ್ಕೆ. ನೀಲಮ್ಮ ವಠಾರದಂಥ ಒಂದು ಚಾಳಿನ ತನ್ನ ಕೋಣೆಯಲ್ಲಿ ಜೋಳದ ರೊಟ್ಟಿ ಬಡಿದು ಮೆಸ್ಸುಗಳಿಗೆ ಕೊಡುತ್ತಾಳೆ. ಹೋದಾಗ ರೂತ್ ಕೂಡ ಕೈಗೆ ಹಿಟ್ಟು ಮೆತ್ತಿಕೊಂಡು ರೊಟ್ಟಿ ಬಡಿಯುತ್ತಿದ್ದಳು.

"ನೋಡ್ರಿ ಮಾರ್ಥವ್ವ, ನಿಮ್ಮ ಸಂಡೇ ಸ್ಕೂಲ್ ಟೀಚರ್ ಮಾಡಿದ ರೊಟ್ಟಿ. ಮಹಾರಾಷ್ಟ್ರದ ನಕ್ಷಾ ಇದ್ದಂಗದ" ಎಂದಳು ನೀಲಮ್ಮ.

"ಆತ್ಯಾ, ನಿನ್ನೆ ಹರಿದು ಹೋಗ್ತಿತ್ತು. ಇವತ್ತು ನಕ್ಷೆ ಆದ್ರೂ ಆಗಿದೆಯಲ್ಲ" ಎಂದು ಹುಡುಗಿ ಉತ್ತರ ಕೊಟ್ಟಳು. ನನ್ನ ಕಡೆ ತಿರುಗಿದಾಗ ಮುಖ ಬಿಗಿಯಾಯಿತು. "ಆಜಿ, ನೀವೂ ಪ್ರೇಯರ್ ಮಾಡೋಕೆ ಬಂದ್ರಾ?"

"ಇಲ್ಲ, ಉಣ್ಣಾಕ ಬಂದೀನಿ. ಠಾಣೆ ತನಕ ನಿಂತೇ ಬಂದೆ, ಕಾಲು ಸತ್ತು ಹೋಗ್ಯಾವ. ಮೊದಲ ಕೂಡಾಕ ಜಾಗ ಕೊಡು."

ಉಂಡೆ. ಬದನೆಕಾಯಿ ಎಣಗಾಯಿ ಚೆನ್ನಾಗಿತ್ತು. ನಾನು ಏನೂ ಕೇಳಲಿಲ್ಲ. ಮನೆ ಭೇಟಿಯಲ್ಲಿ ನಾನು ಕಲಿತ ಒಂದು ವಿದ್ಯೆ ಅದು. ಮಕ್ಕಳ ಎದುರು ಕೂತು ಪ್ರಶ್ನೆ ಕೇಳಿದರೆ ಅವರು ಪೊಲೀಸರ ಮುಂದೆ ಕೂತಂತೆ ಕೂರುತ್ತಾರೆ. ಪಕ್ಕದಲ್ಲಿ ಕೂತು ಅವರ ಕೆಲಸದಲ್ಲಿ ಕೈ ಹಾಕಿದರೆ ಮಾತು ತಾನಾಗಿ ಬರುತ್ತದೆ. ನಾನೂ ಒಂದು ಉಂಡೆ ಹಿಟ್ಟು ತೆಗೆದುಕೊಂಡು ಬಡಿಯತೊಡಗಿದೆ.

ಸ್ವಲ್ಪ ಹೊತ್ತಿಗೆ ಅವಳೇ ಹೇಳಿದಳು. "ಆಜಿ, ನನಗೆ ದೇವರ ಮೇಲೆ ಸಿಟ್ಟಿಲ್ಲ. ಡೌಟ್ ಇದೆ, ಅಷ್ಟೇ. ಸಿಟ್ಟು ಇರೋದು ಮಮ್ಮಿ ಪಪ್ಪಾ ಮೇಲೆ. ಮೈನೇ ಸಿರ್ಫ್ ಮಮ್ಮಿ ಕೋ ಬತಾಯಾ ಥಾ, ಮಮ್ಮಿ ಒಬ್ಬಳಿಗೇ. ಈಗ ಭಾಜಿಯವನಿಗೂ ಗೊತ್ತು."

"ಹೌದು. ತಪ್ಪು ಅವರದೇ" ಎಂದೆ. ಅವಳು ಬಡಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ದೊಡ್ಡವರ ಬಾಯಿಂದ ಆ ಮಾತು ಬರುತ್ತದೆ ಎಂದು ಅವಳಿಗೆ ಅನಿಸಿರಲಿಲ್ಲ.

"ನಿಮಗೆ ಯಾವತ್ತೂ ಡೌಟ್ ಬಂದಿಲ್ವಾ?"

"ನನ್ನ ಗಂಡ ಸತ್ತಾಗ ಭಾಳ ದಿನ ನಾ ದೇವರ ಕೂಡ ಮಾತು ಬಿಟ್ಟಿದ್ದೆ. ಮಂದಿ ಮನ್ಯಾಗ ಪ್ರಾರ್ಥನಾ ಮಾಡ್ತಿದ್ದೆ, ನಮ್ಮನ್ಯಾಗ ಬಾಯಿ ಮುಚ್ಚಿಕೊಂಡು ಕೂಡ್ತಿದ್ದೆ."

"ಫಿರ್?"

"ಆಮ್ಯಾಲ ಒಂದಿನ ದೇವರಿಗೆ ಬೈಯಾಕ ಸುರು ಮಾಡಿದೆ. ಬೈಯೋದೂ ಮಾತೇ ಅಲ್ಲೇನು? ಹಂಗ ಮತ್ತ ಮಾತು ಸುರು ಆತು. ಯಾರ ಮುಂದೂ ಹೇಳಬ್ಯಾಡ, ಸಂಬಳ ಕಟ್ ಮಾಡ್ತಾರ."

ಹುಡುಗಿ ಅಷ್ಟು ದಿನಗಳಲ್ಲಿ ಮೊದಲ ಸಲ ನಕ್ಕಳು. ಈಗ ನಾನು ಕೆಲಸ ಬಿಟ್ಟಿದ್ದೇನೆ, ಕಟ್ ಮಾಡಲು ಸಂಬಳ ಉಳಿದಿಲ್ಲ, ಅದಕ್ಕೆ ಇದನ್ನು ಬರೆಯುತ್ತಿದ್ದೇನೆ.

ಹೊರಡುವಾಗ, "ಮನಿಗೆ ಯಾವಾಗ ಬರ್ತಿ?" ಎಂದು ಕೇಳಿದೆ.

"ಗೊತ್ತಿಲ್ಲ. ಸಾರಿ ಬೇಡ ನನಗೆ. ಸಾರಿ ಯಾರು ಬೇಕಾದ್ರೂ ಹೇಳ್ತಾರೆ. ಏನು ತಪ್ಪು ಮಾಡಿದ್ವಿ ಅಂತ ಅವರಿಗೆ ಗೊತ್ತಿದೆಯಾ? ಅದನ್ನ ಹೇಳಲಿ."

ಕಳಂಬೋಲಿಗೆ ಬಂದು ಇದನ್ನು ಹೇಳಿದೆ. ಅಷ್ಟು ಹೊತ್ತಿಗೆ ಜಯರಾಜನ ಸಿಟ್ಟು ಇಳಿದು ಅವನಿಗೆ ಬೇರೆ ಉಪಾಯ ಹೊಳೆದಿತ್ತು. "ಮಾರ್ಥವ್ವ, ಈ ಭಾನುವಾರ ಸಾಕ್ಷಿ ಹೇಳೋ ಹೊತ್ತಿನ್ಯಾಗ ನಾ ಎಲ್ಲರ ಮುಂದ ನಿಂತು, ಮಗಳ ವಿಷಯದಾಗ ತಪ್ಪು ಮಾಡೀನಿ ಅಂತ ಕ್ಷಮಾ ಕೇಳ್ತೀನಿ" ಎಂದ. ಸಾಕ್ಷಿ ಎಂದರೆ ದೇವರು ತನ್ನ ಬಾಳಿನಲ್ಲಿ ಮಾಡಿದ್ದನ್ನು ಆರಾಧನೆಯ ನಡುವೆ ಎದ್ದು ಹೇಳುವುದು. ಕುಡಿತ ಬಿಟ್ಟ ಸಾಕ್ಷಿಯನ್ನು ಅವನು ಅದೆಷ್ಟೋ ಸಲ ಹೇಳಿದ್ದಾನೆ, ಚೆನ್ನಾಗಿಯೂ ಹೇಳುತ್ತಾನೆ.

"ಮತ್ತ ಆಕಿ ಹೆಸರ ತಗೀತಿ, ಮತ್ತ ಮಂದಿ ಮುಂದ! ನೀ ಎದ್ದು ನಿಂತ್ರ ಅಂಗಿ ಹಿಡ್ದು ಕುಂದರಸ್ತೀನಿ, ನೋಡು."

"ಹಂಗಾದ್ರ ಏನ್ ಮಾಡ್ಲಿ?"

"ಕಲ್ಯಾಣಕ್ಕ ಹೋಗು. ಆಕಿ ಒಬ್ಬಾಕಿ ಮುಂದ ಹೇಳು. ಭಾನುವಾರ ನಿನಗ ರಜಾ ಅದ, ಆಕಿಗೂ ರಜಾ ಅದ."

"ಆರಾಧನಾ ಬಿಟ್ಟು?"

"ಹ್ಞೂಂ, ಬಿಟ್ಟು. ಮುನಿಸಿಕೊಂಡವರ ಕೂಡ ರಾಜಿ ಆಗಿ ಆಮ್ಯಾಲ ಬರ್ರಿ ಅಂತ ಯೇಸುಸ್ವಾಮಿನೇ ಹೇಳ್ಯಾನ. ಅದೇನು ಬರೇ ಓದಾಕೇನು?"

ಕ್ವಿಂಟಲ್ ಭಾರ ಎತ್ತುವ ಟೋಳಿ ನಡೆಸುವವನು, ಮಗಳ ಮುಂದೆ ಹೋಗಿ ನಿಲ್ಲಲು ಅಷ್ಟು ಹೆದರಿದ್ದ. "ನೀವೂ ಬರ್ರಿ ಅವ್ವಾ" ಎಂದ.

ಶನಿವಾರ ಅಯ್ಯನವರಿಗೆ ಫೋನ್ ಮಾಡಿದೆ. "ನಾಳೆ ಜಯರಾಜ, ಸುಗುಣಾ, ನಾನು, ಮೂವರೂ ಬರುವುದಿಲ್ಲ" ಎಂದೆ. "ಏನಾಯ್ತು?" ಎಂದರು. "ಕೇಳಬೇಡಿ ಅಯ್ಯನವರೇ. ಕೇಳಿದರೆ ಅದೂ ಪ್ರೇಯರ್ ಪಾಯಿಂಟ್ ಆಗುತ್ತದೆ." ಅವರು ನಕ್ಕು ಫೋನ್ ಇಟ್ಟರು. ಒಳ್ಳೆಯ ಮನುಷ್ಯ.

ಭಾನುವಾರ ಬೆಳಿಗ್ಗೆ ನಮ್ಮ ಸಭೆಯಲ್ಲಿ ಮೊದಲ ಹಾಡು ಹಾಡುವ ಹೊತ್ತಿಗೆ ನಾವು ನೀಲಮ್ಮನ ಮನೆಯಲ್ಲಿದ್ದೆವು. ನಾನೂ ನೀಲಮ್ಮನೂ ಹೊಸ್ತಿಲ ಹತ್ತಿರ ಮೆಂತ್ಯ ಸೋಸುತ್ತಾ ಕೂತೆವು. ಒಳಗೆ ಮೂವರು. ಕೋಣೆ ಇರುವುದೇ ಒಂದು, ಕಿವಿ ಮುಚ್ಚಿಕೊಂಡರೂ ಕೇಳುತ್ತದೆ.

ಸುಗುಣಾ ಬಾಯಿ ತೆರೆಯುವ ಮೊದಲೇ ಅತ್ತಳು. ರೂತ್, "ಮಮ್ಮಿ, ಅಳಬೇಡ. ನೀನು ಅತ್ತರೆ ನಾನೇ ನಿನ್ನನ್ನ ಸಮಾಧಾನ ಮಾಡಬೇಕಾಗುತ್ತೆ. ನನ್ನ ಮಾತು ಅಲ್ಲಿಗೇ ಮುಗಿದುಹೋಗುತ್ತೆ" ಎಂದಳು. ಸುಗುಣಾ ಸೆರಗಿನಿಂದ ಮೂಗು ಒರೆಸಿಕೊಂಡು ತಡೆದುಕೊಂಡಳು.

ಜಯರಾಜ ಗಂಟಲು ಸರಿಮಾಡಿಕೊಂಡ. ಕಣ್ಣು ಮುಚ್ಚಿದ. "ಕರುಣೆಯುಳ್ಳ ತಂದೆಯೇ, ಈ ಹೊತ್ತಿನಲ್ಲಿ ನಿನ್ನ ಪಾದದ ಬಳಿಗೆ..." ಎಂದು ಶುರು ಮಾಡಿಬಿಟ್ಟ. ಅವನಿಗೆ ಮನಸ್ಸಿನ ಮಾತು ಆಡಲು ಬರುತ್ತಿದ್ದದ್ದು ಅದೊಂದೇ ದಾರಿ. ನೀಲಮ್ಮ ನನ್ನನ್ನು ನೋಡಿ ಹಣೆ ಚಚ್ಚಿಕೊಂಡಳು.

"ಪಪ್ಪಾ" ಎಂದಳು ರೂತ್. "ಮುಝಸೇ ಬಾತ್ ಕರೋ. ಮೊದಲು ನನ್ನ ಹತ್ತಿರ, ದೇವರ ಹತ್ತಿರ ಆಮೇಲೆ ಮಾತಾಡು."

ನಾನು ಒಂದು ಕಟ್ಟು ಮೆಂತ್ಯ ಮುಗಿಸಿ ಇನ್ನೊಂದಕ್ಕೆ ಕೈ ಹಾಕಿದೆ. ಆಮೇಲೆ ಜಯರಾಜ ಸಣ್ಣ ದನಿಯಲ್ಲಿ ಹೇಳಿದ. "ನೀ ನಿಮ್ಮವ್ವಗ ಹೇಳಿದ್ದು ನಿಮ್ಮವ್ವನ ಹತ್ರ ಇರಬೇಕಿತ್ತು. ನಾ ಅದನ್ನ ಮಂದಿಗೆ ಹಂಚಿದೆ. ನಿನ್ನ ಒಂದು ಮಾತ ಸೈತ ಕೇಳಲಿಲ್ಲ. ದೇವರ ಸಲುವಾಗಿ ಮಾಡ್ದೆ ಅಂತ ತಿಳ್ಕೊಂಡಿದ್ದೆ. ಅಲ್ಲ, ನನಗ ಹೆದರಿಕಿ ಆಗಿತ್ತು."

"ಏನು ಹೆದರಿಕೆ?"

"ಆಯಿ ಹೋದ್ಲು. ನೀನೂ ಹೋಗ್ತಿ ಅಂತ."

ಹುಡುಗಿ ಕರಗಿ ತಂದೆಯ ಕೊರಳಿಗೆ ಬೀಳಲಿಲ್ಲ. ಒಂದೊಂದೇ ಮಾತು ಬಿಡಿಸಿ ಹೇಳಿದಳು. "ನಾನು ಹೇಳಿದ್ದನ್ನು ನನ್ನನ್ನು ಕೇಳದೆ ಯಾರಿಗೂ ಹೇಳಬಾರದು. ಬುಧವಾರದ ಕೂಟಕ್ಕೆ ಸದ್ಯಕ್ಕೆ ಬರುವುದಿಲ್ಲ. ಸಂಡೇ ಸ್ಕೂಲು ನಡೆಸುತ್ತೇನೆ, ಮಕ್ಕಳೆಂದರೆ ನನಗೆ ಇಷ್ಟ. ಆದರೆ ಆರಾಧನೆಗೆ ಕೂರುವುದು ಬಿಡುವುದು ನನಗೆ ಬಿಡಿ."

"ಆರಾಧನಾಕ್ಕೂ ಬರಂಗಿಲ್ಲೇನು?" ಎಂದ ಜಯರಾಜ. ಬಾಗಿಲಿನತ್ತ ತಿರುಗಿ ನನ್ನನ್ನು ನೋಡಿದ. ನಾನು ಏನಾದರೂ ಹೇಳಿ ತಪ್ಪಿಸುತ್ತೇನೆ ಎಂದುಕೊಂಡನೋ ಏನೋ. ನಾನು ಮೆಂತ್ಯ ನೋಡಿದೆ. ಸಭೆಯ ಸಂಬಳ ತಿನ್ನುವವಳು ಮಗುವಿಗೆ ಬಾ ಎಂದು ಹೇಳಬೇಕಿತ್ತು, ಹೇಳಲಿಲ್ಲ. ಅದು ಅವನು ಎತ್ತಬೇಕಾದ ಭಾರ.

"ಆತು" ಎಂದ ಕಡೆಗೆ. "ಆದ್ರ ಮನಿಗೆ ಬಾ. ನೀ ನಂಬಿದ್ರೂ, ನಂಬದಿದ್ರೂ, ಅದು ನಿನ್ನ ಮನಿ."

ಅವತ್ತು ಅವಳು ನಮ್ಮ ಜೊತೆ ಬರಲಿಲ್ಲ. ವಾರದ ನಡುವೆ ಒಂದು ಸಂಜೆ ಕಾಲೇಜಿನ ಬ್ಯಾಗು ಹಾಕಿಕೊಂಡು ತಾನೇ ಮನೆಗೆ ಬಂದಳು. ಸುಗುಣಾ ಏನೂ ಕೇಳದೆ ತಟ್ಟೆ ಹಾಕಿದಳು. ಆ ಭಾನುವಾರದ ನಂತರ ಜಯರಾಜ ಕುಡಿಯಲಿಲ್ಲ, ಇಂದಿಗೂ ಕುಡಿದಿಲ್ಲ.

ಮುಂದಿನ ಬುಧವಾರದಿಂದ ನಾನು ನನ್ನ ಕೂಟದಲ್ಲಿ ಕಟ್ಟುನಿಟ್ಟು ಮಾಡಿದೆ. ಎದ್ದು ನಿಂತವರು ತಮ್ಮ ಕಷ್ಟ ಹೇಳಬೇಕು, ಬೇರೆಯವರದ್ದಾದರೆ ಅವರ ಒಪ್ಪಿಗೆ ತಂದಿರಬೇಕು. ಮಕ್ಕಳ ತಪ್ಪನ್ನಂತೂ ಎತ್ತಲೇ ಬಾರದು, ಅದನ್ನು ತಂದೆತಾಯಿ ಮನೆಯಲ್ಲಿ ಮೊಣಕಾಲೂರಿ ದೇವರಿಗೆ ಹೇಳಲಿ. ಕೆಲವರಿಗೆ ಸಿಟ್ಟು ಬಂತು. "ಮತ್ತ ಹೇಳೋದಾದ್ರೂ ಏನು?" ಎಂದು ಆ ಕೊತ್ತಂಬರಿಯವಳು ಕೇಳಿದಳು. "ನಿಂದ ಹೇಳು" ಎಂದೆ. ಆಮೇಲೆ ಬಹಳ ದಿನ ನಮ್ಮ ಕೂಟ ಬೇಗ ಮುಗಿಯುತ್ತಿತ್ತು.

ರೂತ್ ಹನ್ನೆರಡನೆಯ ಕ್ಲಾಸಿನಲ್ಲಿದ್ದಾಗ ಕಾಲೇಜಿನ ರಸ್ತೆಯಲ್ಲಿ ಒಬ್ಬ ರಿಕ್ಷಾದವನು ದಿನಾ ಹಿಂದೆ ಬಂದು ಹೊಲಸು ಮಾತಾಡತೊಡಗಿದ. ಅವಳು ಇದನ್ನು ತಾಯಿಗೂ ಹೇಳಲಿಲ್ಲ, ನೇರವಾಗಿ ತಂದೆಗೆ ಹೇಳಿದಳು. ಹಳೆಯ ಜಯರಾಜನಾಗಿದ್ದರೆ ಒಂದೋ ಕಾಲೇಜು ಬಿಡಿಸುತ್ತಿದ್ದ, ಇಲ್ಲವೇ ಬುಧವಾರ ಎದ್ದು ನಿಲ್ಲುತ್ತಿದ್ದ. ಅವನು, "ನಾ ಏನ್ ಮಾಡ್ಲಿ ಹೇಳು" ಎಂದು ಕೇಳಿದನಂತೆ. "ಸ್ವಲ್ಪ ದಿನ ಬಂದು ನಿಂತ್ಕೊ. ಮಾತಾಡಬೇಡ, ಹೊಡೀಬೇಡ" ಎಂದಳಂತೆ. ಟೋಳಿಯನ್ನು ಬೇರೆಯವನಿಗೆ ಒಪ್ಪಿಸಿ ಜಯರಾಜ ಮಧ್ಯಾಹ್ನ ಕಾಲೇಜಿನ ಎದುರು ಹೆಗಲ ಮೇಲೆ ಟವೆಲ್ ಹಾಕಿಕೊಂಡು ನಿಲ್ಲುತ್ತಿದ್ದ. ಆ ತೋಳು ನೋಡಿಯೇ ರಿಕ್ಷಾದವನು ಸ್ಟ್ಯಾಂಡ್ ಬದಲಿಸಿದ. ಅದೊಂದು ಮಾತು ಅವಳ ಹೊಟ್ಟೆಯಲ್ಲೇ ಉಳಿದಿದ್ದರೆ ಏನಾಗುತ್ತಿತ್ತೋ, ನಾನು ಯೋಚಿಸಲು ಹೋಗುವುದಿಲ್ಲ.

ಇಷ್ಟು ವರ್ಷ ಮನೆಮನೆ ತಿರುಗಿ ನಾನು ಕಂಡದ್ದನ್ನು ತಂದೆತಾಯಿಗಳಿಗೆ ಹೇಳುತ್ತೇನೆ. ಯೇಸುಸ್ವಾಮಿ ಮಕ್ಕಳನ್ನು ಹತ್ತಿರಕ್ಕೆ ಕರೆದಾಗ, ಮೊದಲು ನಿಮ್ಮ ತಪ್ಪು ಒಪ್ಪಿಕೊಳ್ಳಿ ಎನ್ನಲಿಲ್ಲ. ಸುಮ್ಮನೆ ಬನ್ನಿ ಎಂದ. ನಿಮ್ಮ ಮಗ, ನಿಮ್ಮ ಮಗಳು ಏನು ಹೇಳಿದರೂ ಮೊದಲು ಕೇಳಿಸಿಕೊಳ್ಳಿ. ಹೆದರಿಕೆಯಾಗುತ್ತದೆ, ಆಗಲಿ. ಆ ಹೆದರಿಕೆಯನ್ನು ದೇವರ ಹತ್ತಿರ ಒಯ್ಯಿರಿ, ಅವನು ಯಾರಿಗೂ ಹೇಳುವುದಿಲ್ಲ. ನೀವು ತಪ್ಪು ಮಾಡಿದರೆ ಮಗುವಿನ ಮುಂದೆ ಒಪ್ಪಿಕೊಳ್ಳಿ. ಅದರಿಂದ ತಂದೆತನ ಸಣ್ಣದಾಗುವುದಿಲ್ಲ, ನಾನು ಕಣ್ಣಾರೆ ನೋಡಿದ್ದೇನೆ. ಮಗು ದೇವರ ಬಗ್ಗೆ ಪ್ರಶ್ನೆ ಕೇಳಿದರೆ ಕುಸಿಯಬೇಡಿ. ಕೇಳುತ್ತಿರುವ ಮಗು ಇನ್ನೂ ನಿಮ್ಮ ಹತ್ತಿರವೇ ಇದೆ.

ಇದನ್ನು ಹೊರಗೆ ಕೊಡುವ ಮೊದಲು ರೂತಳನ್ನು ಕೇಳಿದೆ. ಈಗ ಅವಳು ಠಾಣೆಯ ಘೋಡಬಂದರ್ ರಸ್ತೆಯ ಒಂದು ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಬರೆದಷ್ಟನ್ನು ಮೊದಲು ನನ್ನಿಂದ ಓದಿಸಿ ಕೇಳಿದಳು. ಹೆಸರು ಬದಲಿಸಿ ಎಂದಳು, ಎಲ್ಲರದ್ದೂ ಬದಲಿಸಿದ್ದೇನೆ. ರೊಟ್ಟಿಯ ವಿಷಯ ಇರಲಿ, ಈಗ ದುಂಡಗೆ ಬರುತ್ತದೆ ಎಂದೂ ಬರೆಯಿರಿ ಎಂದಳು. ಕಡೆಗೆ ನಾನು, "ಮತ್ತ ಈಗ ನಿನ್ನ ನಂಬಿಕಿ ವಿಷಯ ಏನಂತ ಬರೀಲಿ?" ಎಂದು ಕೇಳಿದೆ.

"ಅದು ನಿಮಗೆ ಹೇಳ್ತೀನಿ ಆಜಿ" ಎಂದಳು. ಹೇಳಿದಳು ಕೂಡ. ಆದರೆ ಅದನ್ನು ಬರೆಯಲು ಅವಳು ಒಪ್ಪಲಿ‌ಲ್ಲ.